ಮೈಕ್ರೋವೇವ್ ಇದ್ದ ಜಾಗ

‘ನಿನ್ನ ಕೈ ಹಗುರ ನೋಡವ್ವ, ಚುಚ್ಚಿದ್ದೇ ಗೊತ್ತಾಗಲ್ಲ’ ಎಂದು ಬೆಳಿಗ್ಗೆ ಅತ್ತೆ ಆಡಿದ ಮಾತು ಮಧ್ಯಾಹ್ನದ ಊಟ ಮುಗಿದರೂ ಆಶಾರಾಣಿಯ ತಲೆಯೊಳಗೆ ಗಿರಕಿ ಹೊಡೆಯುತ್ತಲೇ ಇತ್ತು. ಹೊಸ ಮಾತೇನಲ್ಲ. ದಿನಾ ಬೆಳಿಗ್ಗೆ, ಹರಿಹರದ ಬಸ್ಸು ಹಿಡಿಯುವ ಮುಂಚೆ, ಅವಳು ಫ್ರಿಜ್ಜಿನ ಬಾಗಿಲಿನಿಂದ ಇನ್ಸುಲಿನ್ ಬಾಟಲಿ ತೆಗೆದು, ಅಂಗೈಗಳ ನಡುವೆ ಉರುಳಿಸಿ ತಣುಪು ಬಿಡಿಸಿ, ಅತ್ತೆ ನಿರ್ಮಲಮ್ಮನ ಹೊಟ್ಟೆಯ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಸೂಜಿ ಇಳಿಸುತ್ತಿದ್ದಳು. ನಿರ್ಮಲಮ್ಮ ಮೇಲೆ ಫ್ಯಾನು ನೋಡುತ್ತ ಶಿವಶಿವಾ ಅನ್ನುತ್ತಿದ್ದರು. ಸೂಜಿ ಹೊರಗೆ ಬಂದ ಮೇಲೆ ಸೆರಗು ಸರಿಪಡಿಸಿಕೊಳ್ಳುತ್ತ ಈ ಮಾತು. ಅವಳು ನರ್ಸಾಗಿರುವ ಹರಿಹರದ ಆಸ್ಪತ್ರೆಯಲ್ಲೂ ಇದೇ ಮಾತು. ಹಳ್ಳಿಯಿಂದ ಬಂದ ಮುದುಕಿಯರು ‘ಆ ಕಪ್ಪನೆ ಸಿಸ್ಟ್ರು ಬರ್ಲಿ, ಆಕೆ ಕೈಲೇ ಹಾಕಿಸ್ಕಂತೀನಿ’ ಎಂದು ಸರದಿ ಬಿಟ್ಟು ಕಾಯುವುದುಂಟು. ಅಲ್ಲಿ ಕೇಳಿದರೆ ಹಿತವಾಗುವ ಮಾತು ಇಲ್ಲಿ, ದಾವಣಗೆರೆಯ ಕೆ.ಬಿ. ಬಡಾವಣೆಯ ಈ ಮನೆಯಲ್ಲಿ, ಇವತ್ತು ಯಾಕೋ ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಉಳಿದುಬಿಟ್ಟಿತ್ತು. ಕೈ ಹಗುರ. ಈ ಕೈ. ಊಟದ ಮೇಜಿನ ಪಕ್ಕ ನಿಂತು, ಮೈಕ್ರೋವೇವಿನ ಮೇಲೆ ಹೊದಿಸಿದ್ದ ಕಸೂತಿ ಬಟ್ಟೆಯನ್ನು ಎತ್ತುವಾಗ ಅವಳು ತನ್ನ ಬೆರಳುಗಳನ್ನೇ ನೋಡಿದಳು. ತೊಳೆದು ತೊಳೆದು ಒಣಗಿದ ಬೆರಳು, ಒತ್ತಿ ಕತ್ತರಿಸಿದ ಉಗುರು. ಇದಕ್ಕಿಂತ ಚೊಕ್ಕಟವಾದ ಕೈ ಈ ಬೀದಿಯಲ್ಲಿ ಇನ್ನೊಂದಿರಲಿಕ್ಕಿಲ್ಲ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ನಾಚಿಕೆಯೂ ಆಯಿತು. ಯಾರ ಮುಂದೆ ಸಾಬೀತು ಮಾಡಬೇಕಾಗಿದೆ ಇದನ್ನು?

‘ಮಮ್ಮಿ, ಬೇಗ ಬೇಗ’ ಎಂದ ಕಿರಣ. ‘ಅಜ್ಜಿ ಎದ್ರೆ ಟಿವಿ ಹಾಕಿಸ್ತಾಳೆ. ಆಮೇಲೆ ಅಕ್ಕ ಅಲ್ಲೇ ಕೂತ್ಕಂಬಿಡ್ತಾಳೆ.’

‘ನಾನೇನ್ ಕೂರಲ್ಲ. ಬಾಯಿ ತಕ್ಕಂಡು ಕೂರೋನು ನೀನು’ ಎಂದಳು ಭವ್ಯಾ.

ಭವ್ಯಾ ಮೂರನೇ ಕ್ಲಾಸು. ಕಿರಣ ಇನ್ನೂ ಯುಕೆಜಿ. ಶಾಲೆಯಲ್ಲಿ ಬಸವಕಿರಣ್, ಮನೆಯಲ್ಲಿ ಕಿರಣ. ಯಾರದೋ ಹುಟ್ಟಿದಹಬ್ಬದಲ್ಲಿ ಬ್ರೌನಿ ತಿಂದು ಬಂದಾಗಿನಿಂದ ಇಬ್ಬರದೂ ಒಂದೇ ಜಪ. ಭವ್ಯಾ ಫೋನಿನಲ್ಲಿ ಹುಡುಕಿ ವಿಡಿಯೋ ಕೂಡ ತೋರಿಸಿದ್ದಳು: ಉಗುರಿಗೆ ಬಣ್ಣ ಹಚ್ಚಿದ ಯಾರೋ ಹೆಂಗಸು ಚಹಾ ಕುಡಿಯುವ ಕಪ್ಪಿನಲ್ಲಿ ಹಿಟ್ಟು ಕಲಸಿ ಮೈಕ್ರೋವೇವಿನೊಳಗಿಟ್ಟು, ಮಾತಾಡಿ ಮುಗಿಸುವಷ್ಟರಲ್ಲಿ ಹೊರಗೆ ತೆಗೆದು ಚಮಚೆಯಲ್ಲಿ ಬಗೆದು ತಿಂದಳು. ಒಲೆ ಬೇಡ, ಓವನ್ ಬೇಡ, ಏನೂ ಬೇಡ. ಆ ‘ಒಲೆ ಬೇಡ’ ಅನ್ನುವ ಮಾತಿಗೇ ತಾನು ಹೂಂ ಅಂದುಬಿಟ್ಟೆನೋ ಏನೋ ಎಂದು ಈಗ ಆಶಾರಾಣಿಗೆ ಅನುಮಾನ. ನಿನ್ನೆ ಹರಿಹರದಿಂದ ಬರುವಾಗ ಬಸ್ಸಿಳಿದು ಕೊಕೊ ಪುಡಿಯ ಪೊಟ್ಟಣ ಕೊಂಡದ್ದೂ ಅದೇ ಮಂಕಿನಲ್ಲಿ.

ಮೈದಾ, ಸಕ್ಕರೆ, ಎಣ್ಣೆ, ಮೊಸರು, ಚಿಟಿಕೆ ಸೋಡಾ. ಅಡಿಗೆಮನೆಗೆ ಹೋಗಿ ತರಬೇಕು. ಹೋಗಲು ಅಡ್ಡಿಯೇನಿಲ್ಲ. ಅಡಿಗೆಮನೆಯ ಮೂಲೆಯಲ್ಲಿ ಅತ್ತೆ ಲಿಂಗಪೂಜೆಗೆ ಕೂರುವ ಮಣೆ ಇದೆ, ಅದನ್ನು ಬಳಸಿ ನಡೆದರಾಯಿತು. ಡಬ್ಬಿ ತೆಗೆಯಬಹುದು, ಅಕ್ಕಿ ಆರಿಸಬಹುದು, ಬೀನ್ಸು ಸೋಸಬಹುದು, ಬೆಳ್ಳುಳ್ಳಿ ಸುಲಿದು ಕೊಡಬಹುದು, ಪಾತ್ರೆಯನ್ನಂತೂ ತೊಳೆಯಬಹುದು. ಹಸಿಯದಕ್ಕೆ ಅವಳ ಕೈ ನಡೆಯುತ್ತಿತ್ತು. ಪಾತ್ರೆ ಒಲೆಯ ಮೇಲೆ ಏರಿದ್ದೇ ತಡ, ಎಲ್ಲಿದ್ದರೂ ನಿರ್ಮಲಮ್ಮ ಮಂಡಿ ಹಿಡಿದುಕೊಂಡು ಬಂದು, ಒಂಚೂರೂ ಅವಸರವಿಲ್ಲದೆ, ಅವಳ ಕೈಯಿಂದ ಸೌಟು ತೆಗೆದುಕೊಳ್ಳುತ್ತಿದ್ದರು. ‘ಬಿಡವ್ವ, ದಣಿದು ಬಂದೀಯ. ಕೂತ್ಕ ಹೋಗು.’ ಬೇಯುವ ಆ ಗಳಿಗೆಯಿಂದ ಅವಳ ಕೈ ಬೇರೆಯವರ ಕೈಯಾಗಿಬಿಡುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಈ ಮನೆಯ ಒಲೆಯನ್ನು ಅವಳು ಒಂದು ಸಲವೂ ಹೊತ್ತಿಸಿರಲಿಲ್ಲ. ಹೊತ್ತಿಸಬೇಡ ಎಂದು ಯಾರೂ ಹೇಳಿಯೂ ಇರಲಿಲ್ಲ.

ಹೇಳಿರಲಿಲ್ಲವಾದ್ದರಿಂದಲೇ ಮೊದಮೊದಲು ಅವಳು ಹಿರಿಹಿರಿ ಹಿಗ್ಗಿದ್ದಳು. ಆ ಹಿಗ್ಗು ನೆನಪಾದಾಗ ಇವತ್ತಿಗೂ ಅವಳ ಕಿವಿ ಬಿಸಿಯಾಗುತ್ತಿತ್ತು. ಮದುವೆಯಾದ ವರ್ಷ ತವರೂರು ಸಾರಥಿಗೆ ಹೋದಾಗ, ಹಿತ್ತಲಿನಲ್ಲಿ ಮೆಕ್ಕೆಜೋಳದ ತೆನೆ ಸುಲಿಯುತ್ತ ಕೂತಿದ್ದ ಅವ್ವ ಓಬಕ್ಕನ ಮುಂದೆ ಕುರ್ಚಿ ಎಳೆದುಕೊಂಡು ಕೂತು, ‘ನಮ್ಮತ್ತೆ ನನ್ನ ಒಲೆ ಹತ್ರಾನೇ ಬಿಡಲ್ಲವ್ವ. ಅಷ್ಟು ಪ್ರೀತಿ’ ಎಂದಿದ್ದಳು. ಓಬಕ್ಕ ತೆನೆಯಿಂದ ಕಣ್ಣೆತ್ತಲಿಲ್ಲ. ಇನ್ನೆರಡು ತೆನೆ ಸುಲಿದಾದ ಮೇಲೆ, ‘ನೀನು ಕಾಸಿದ ಹಾಲು ಕುಡೀತಾಳೇನು?’ ಎಂದು ಕೇಳಿದಳು. ಅಷ್ಟೇ. ಆಶಾರಾಣಿಗೆ ಎಲ್ಲಿಲ್ಲದ ಸಿಟ್ಟು ಬಂದಿತ್ತು. ‘ನಿನಗೆ ಒಳ್ಳೇದು ಕಂಡ್ರೆ ಆಗಲ್ಲ, ಹಳೇ ಕಾಲದೋಳು ನೀನು, ಅವರ ಮನೆ ಗೋಡೆ ಮೇಲೆ ಯಾರ ಪಟ ಐತೆ ಗೊತ್ತೇನು, ಜಾತಿ ಇಲ್ಲ ಅಂದೋರ ಪಟ’ ಎಂದು ಎದ್ದು ಬಂದಿದ್ದಳು. ಓಬಕ್ಕ ಅವತ್ತಿನಿಂದ ಆ ಮಾತು ಎತ್ತಲಿಲ್ಲ. ಬದಲಿಗೆ ಇನ್ನೊಂದು ಶುರುಮಾಡಿದಳು. ಭವ್ಯಾ ಹುಟ್ಟಿ ಅನ್ನ ತಿನ್ನುವಂತಾಗಿ ಸಾರಥಿಗೆ ಬಂದರೆ, ಮೊಮ್ಮಗಳಿಗೆ ಮನೆಯಲ್ಲಿ ಬೇಯಿಸಿದ್ದು ಕೊಡುತ್ತಿರಲಿಲ್ಲ. ಅಂಗಡಿಯ ಬಿಸ್ಕತ್ತು, ಬಾಳೆಹಣ್ಣು, ಪೊಟ್ಟಣದ ಹಾಲು. ‘ಅವರ ಮನೆ ಕೂಸವ್ವ, ನಾಳೆ ಒಂದು ಮಾತು ಬರಬಾರ್ದು.’ ತನ್ನ ಮಗಳು ತನ್ನ ಅವ್ವನ ಕೈಯ ಮುದ್ದೆ ತಿನ್ನದೆ ಬಿಸ್ಕತ್ತು ಕಡಿಯುತ್ತ ಕೂತಿದ್ದನ್ನು ಆಶಾರಾಣಿ ನೋಡಿದ್ದಳು, ನೋಡಿ ಸುಮ್ಮನಿದ್ದಳು. ಅತ್ತೆಯದನ್ನು ಅವಳು ಕ್ಷಮಿಸಬಲ್ಲಳೋ ಏನೋ. ಆ ಸುಮ್ಮನಿದ್ದದ್ದನ್ನು ಮಾತ್ರ ಎಲ್ಲಿಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

‘ಗಂಟು ಗಂಟಾಗ್ತೈತೆ ನೋಡು ನಿಂದು’ ಎಂದು ಭವ್ಯಾ ತಮ್ಮನ ಕೈಯಿಂದ ಚಮಚೆ ಕಿತ್ತುಕೊಂಡಳು. ಕಿರಣ ಗಾಜಿನ ಬಟ್ಟಲಿನಲ್ಲಿ ಮೈದಾವನ್ನು ಕಲಸುವುದಕ್ಕಿಂತ ಹೆಚ್ಚಾಗಿ ಹೊರಗೆ ಚೆಲ್ಲಿದ್ದ. ಮೂಗಿನ ಮೇಲೆ ಕೊಕೊ, ಅಂಗಿಯ ಮೇಲೆ ಎಣ್ಣೆ. ಬೆರಳದ್ದಿ ನೆಕ್ಕಿ, ‘ಕಹಿ’ ಎಂದ. ಸಕ್ಕರೆ ಹಾಕಿದ ಮೇಲೆ ಮತ್ತೆ ನೆಕ್ಕಿ, ‘ಪರವಾಗಿಲ್ಲ, ಇನ್ನೊಂದಿಷ್ಟು ಹಾಕು’ ಎಂದು ದೊಡ್ಡವರ ಹಾಗೆ ತಲೆಯಾಡಿಸಿದ. ಆಶಾರಾಣಿ ನಕ್ಕಳು. ನಗುತ್ತ ಮೊಸರು ಕದಡಿ ಹಾಕಿದಳು. ವಿಡಿಯೋದ ಹೆಂಗಸು ತತ್ತಿ ಒಡೆದು ಹಾಕಿದ್ದಳು. ಈ ಮನೆಯಲ್ಲಿ ಆ ಮಾತೇ ಇಲ್ಲ. ಅವಳು ಈ ಮನೆಗೆ ಬಂದ ಮೇಲೆ ತವರಿಗೆ ಹೋದಾಗಲೂ ತತ್ತಿ ಮುಟ್ಟಿದವಳಲ್ಲ, ಹೊಳೆ ಮೀನಿನ ಸಾರು ಕುದಿಯುವಾಗ ಎದ್ದು ಹೊರಗೆ ಹೋಗುತ್ತಿದ್ದವಳು. ಯಾರೂ ಕೇಳದೆ, ತಾನೇ ಮುಂದಾಗಿ ಬಿಟ್ಟುಕೊಟ್ಟವಳು. ಬಿಟ್ಟುಕೊಡುತ್ತ ಹೋದರೆ ಒಂದು ದಿನ ಸೌಟು ಕೈಯಲ್ಲೇ ಉಳಿಯುತ್ತದೆಂದು ಲೆಕ್ಕ ಹಾಕಿದ್ದಳೇನೋ.

ಬಟ್ಟಲನ್ನು ಒಳಗಿಟ್ಟು ಬಾಗಿಲು ಹಾಕುತ್ತಿದ್ದಂತೆ ಭವ್ಯಾ ಮುಂದೆ ನುಗ್ಗಿ, ‘ನಾನು, ನಾನು ಒತ್ತುತೀನಿ’ ಎಂದು ಬಟನ್ ಒತ್ತಿದಳು. ಒಳಗೆ ಹಳದಿ ದೀಪ ಹತ್ತಿ ಗಾಜಿನ ತಟ್ಟೆ ತಿರುಗತೊಡಗಿತು. ಮೂವರೂ ತಲೆಗೆ ತಲೆ ತಾಗಿಸಿ ನೋಡುತ್ತ ನಿಂತರು. ಹಿಟ್ಟು ಮೊದಲು ಬೆವರಿತು, ಆಮೇಲೆ ಉಸಿರು ತಗೊಂಡ ಹಾಗೆ ಉಬ್ಬಿತು, ಒಂದು ಕಡೆ ಉಕ್ಕಿ ಬಟ್ಟಲಿನ ಅಂಚಿನಿಂದ ಜಾರಿತು. ‘ಹೋತು, ಹೋತು’ ಎಂದು ಕಿರಣ ಕುಣಿದ. ಹೊರಗೆ ತೆಗೆದಾಗ ನಡುವೆ ಕೆರೆಯಂತೆ ತಗ್ಗು ಬಿದ್ದಿತ್ತು, ಆದರೆ ವಾಸನೆ ಮಾತ್ರ ಮನೆ ತುಂಬಿತು. ಈ ಮನೆಯಲ್ಲಿ ತನ್ನ ಕೈಯಿಂದ ಬೇಯುವ ವಾಸನೆಯೊಂದು ಎದ್ದದ್ದು ಇದೇ ಮೊದಲು ಎಂದು ಆಶಾರಾಣಿಗೆ ಆಗ ಹೊಳೆಯಿತು. ಚಾಕುವಿನಲ್ಲಿ ಕತ್ತರಿಸಿ ತಟ್ಟೆಗೆ ಹಾಕುವಷ್ಟರಲ್ಲಿ ಮಕ್ಕಳು ಉಫ್ ಉಫ್ ಎಂದು ಊದುತ್ತ ಅರ್ಧ ಮುಗಿಸಿದ್ದರು.

‘ಅಜ್ಜಿಗೆ?’ ಎಂದ ಕಿರಣ, ಬಾಯಿ ತುಂಬ ಇಟ್ಟುಕೊಂಡೇ.

‘ಅಜ್ಜಿಗೆ ಶುಗರ್ ಐತಲ್ಲ’ ಎಂದಳು ಭವ್ಯಾ, ಬಲು ಬೇಗ.

ಮಗಳ ಆ ಬೇಗ ಆಶಾರಾಣಿಗೆ ಎಲ್ಲೋ ಚುಚ್ಚಿತು. ಶುಗರ್ ಹೌದು. ಬೆಳಿಗ್ಗೆ ತಾನೇ ನೋಡಿದ ಶುಗರ್. ಆದರೆ ಕಳೆದ ವಾರ ನಾದಿನಿ ಪುಷ್ಪಲತಾ ರವೆ ಉಂಡೆ ತಂದಾಗ, ‘ಒಂದಕ್ಕೇನಾಗ್ತೈತೆ, ಮಗಳು ಕೈಯಾರೆ ಮಾಡ್ಯಾಳೆ’ ಎಂದು ತಿಂದದ್ದೂ ಇದೇ ಶುಗರ್. ಅಂಥ ಶುಗರ್ ಅದು, ಬರುತ್ತದೆ, ಹೋಗುತ್ತದೆ. ಕೈ ಹಗುರ ನೋಡವ್ವ. ‘ಅಜ್ಜಿಗೆ ಬೇರೆ ಮಾಡೋಣ’ ಎಂದಳು. ಅಂದ ಮೇಲೆ ತನ್ನ ದನಿ ತನಗೇ ಹೊಸದಾಗಿ ಕೇಳಿತು. ಅಡಿಗೆಮನೆಗೆ ಹೋಗಿ ರಾಗಿಹಿಟ್ಟು ತಂದಳು, ಅತ್ತೆ ಚಹಕ್ಕೆ ಸಕ್ಕರೆಯ ಬದಲು ಹಾಕಿಕೊಳ್ಳುವ ಪುಡಿಯ ಡಬ್ಬಿ ತಂದಳು. ಸಕ್ಕರೆ ಇಲ್ಲ. ತತ್ತಿ ಇಲ್ಲ. ಮೈದಾ ಹೊಟ್ಟೆಗಾಗಲ್ಲ ಅನ್ನುತ್ತಾರೆ, ಮೈದಾ ಇಲ್ಲ. ಹಲ್ಲಿಗೆ ಗಟ್ಟಿಯಾಗದ ಹಾಗೆ ಇನ್ನೊಂದು ಚಮಚೆ ಹಾಲು. ನೆಪಗಳ ಒಂದೊಂದೇ ಬಾಗಿಲು ಹಾಕುತ್ತ, ಚಿಲಕ ಇಕ್ಕುತ್ತ ಹೋದಂತೆ ಕಲಸುತ್ತ ಹೋದಳು. ಎಲ್ಲ ಬಾಗಿಲು ಹಾಕಿದ ಮೇಲೆ ಉಳಿಯುವುದು ಯಾವುದೋ ಅದು ಎದುರಿಗೆ ಬಂದು ನಿಲ್ಲಲಿ. ಕಲಸುತ್ತಿರುವಾಗಲೇ ಒಂದು ಕೆಟ್ಟ ಯೋಚನೆಯೂ ಸುಳಿಯಿತು: ಯಾವತ್ತಾದರೂ ಶುಗರ್ ಇಳಿದು ಕೈಕಾಲು ನಡುಗಿ ಬೆವರಿದರೆ, ಆಗ ಯಾರ ಕೈಯೆಂದು ಕೇಳದೆ ಬಾಯಿ ತೆರೆಯುತ್ತಾರೆ. ಥೂ ಎಂದುಕೊಂಡಳು. ಹಾಗೆ ತಿನ್ನಿಸುವುದು ತಿನ್ನಿಸಿದಂತಲ್ಲ. ಎಚ್ಚರವಿದ್ದು, ಕೂತು, ನೋಡಿ ತಿನ್ನಬೇಕು. ಇಲ್ಲವೇ ತಿನ್ನಲ್ಲ ಅನ್ನಬೇಕು.

ಬಟ್ಟಲು ಒಳಗಿಟ್ಟಳು. ಭವ್ಯಾ ಮತ್ತೆ ಕೈ ಮುಂದೆ ತಂದಳು. ‘ಈ ಸಲ ನಾನು’ ಎಂದು ಕಿರಣ ಅವಳ ಅಂಗಿ ಜಗ್ಗಿದ.

‘ನೀನಾದ್ರೂ ಒತ್ತು, ನಾನಾದ್ರೂ ಒತ್ತುತೀನಿ’ ಎಂದಳು ಭವ್ಯಾ. ಆಮೇಲೆ ಅಮ್ಮನ ಕಡೆ ತಿರುಗಿ, ಗುಟ್ಟು ಹೇಳುವವಳ ಹಾಗೆ ದನಿ ತಗ್ಗಿಸಿದಳು. ‘ಮಮ್ಮಿ, ನೀನು ಮಾತ್ರ ಬ್ಯಾಡ.’

‘ಯಾಕ?’

‘ನೀನು ಒತ್ತಿದ್ರೆ ಅಜ್ಜಿ ತಿನ್ನಲ್ಲ. ಕಲಸಾದು ನೀನು ಕಲಸಬಹುದು. ಬಟನ್ ನಾವು ಒತ್ತಬೇಕು. ಆಗ ನಾವು ಮಾಡಿದಂಗೆ.’

ಹೇಳಿದ ರೀತಿ ಹೇಗಿತ್ತೆಂದರೆ, ಮಗ್ಗಿ ಒಪ್ಪಿಸಿದ ಹಾಗೆ. ಅದರಲ್ಲಿ ದುಃಖವಿರಲಿಲ್ಲ, ಪ್ರಶ್ನೆಯಿರಲಿಲ್ಲ. ಅಮ್ಮನಿಗೆ ಸಹಾಯ ಮಾಡುವ ಸಣ್ಣ ಸಂಭ್ರಮವಿತ್ತು. ಆಶಾರಾಣಿ ಮೈಕ್ರೋವೇವಿನ ಬಾಗಿಲ ಮೇಲೆ ಕೈಯಿಟ್ಟು ಹಾಗೇ ನಿಂತಳು. ಈ ಮಶೀನು ಬಂದ ದಿನ ನೆನಪಾಯಿತು. ನೈಟ್ ಡ್ಯೂಟಿ ಮುಗಿಸಿ ಬಂದವಳು ತಣ್ಣನೆ ಅನ್ನ ಉಣ್ಣುವುದನ್ನು ನೋಡಿ ಗಂಡ ನಾಗಭೂಷಣ್ ತಂದದ್ದು. ‘ಇನ್ಮೇಲೆ ನೀನೇ ಬಿಸಿ ಮಾಡ್ಕಬಹುದು ನೋಡು, ಯಾರನ್ನೂ ಕಾಯೋದು ಬ್ಯಾಡ’ ಎಂದಿದ್ದ, ಹೆಮ್ಮೆಯಿಂದ. ಅಡಿಗೆಮನೆಯಲ್ಲಿ ಪ್ಲಗ್ ಇಲ್ಲ ಎಂದು ಊಟದ ಮೇಜಿನ ಪಕ್ಕ ಸ್ಟೂಲ್ ಹಾಕಿ ಇಟ್ಟ. ಮಿಕ್ಸರಿಗೆ ಪ್ಲಗ್ ಇತ್ತು. ಅದನ್ನು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಇದೊಂದು ತನ್ನದು, ಇದಕ್ಕೆ ಬೆಂಕಿಯಿಲ್ಲ, ಆದ್ದರಿಂದ ಇದಕ್ಕೆ ಆ ಕಾನೂನಿಲ್ಲ ಎಂದು ಅವಳು ನಂಬಿದ್ದಳು. ಆದರೆ ಅತ್ತೆಗೆ ರಾತ್ರಿ ಹಾಲು ಬೇಕಾದಾಗ? ಲೋಟವನ್ನು ಒಳಗಿಡುತ್ತಿದ್ದದ್ದು ಇವಳು. ‘ತಡಿ ತಡಿ, ನಾನು ಬರ್ತೀನಿ’ ಎಂದು ನಿರ್ಮಲಮ್ಮ ಗೋಡೆ ಹಿಡಿದುಕೊಂಡು ಬಂದು, ಕನ್ನಡಕ ಮೇಲೆ ಮಾಡಿ, ಬೆರಳು ಚಾಚಿ ಬಟನ್ ಒತ್ತುತ್ತಿದ್ದರು. ಮೊಬೈಲ್ ಮುಟ್ಟಲು ಹೆದರುವ, ಟಿವಿ ರಿಮೋಟನ್ನು ಮೊಮ್ಮಕ್ಕಳ ಕೈಗೆ ಕೊಡುವ ಹೆಂಗಸು ಈ ಒಂದು ಬಟನ್ನನ್ನು ಮಾತ್ರ ಕಲಿತಿದ್ದರು. ಪಾಪ, ಏನೋ ಚಪಲ, ಮಕ್ಕಳ ಹಾಗೆ ಎಂದುಕೊಂಡು ಆಶಾರಾಣಿ ಎಷ್ಟು ಸಲ ಮುಗುಳ್ನಕ್ಕಿದ್ದಳೋ. ಒಂದು ಸಲ ಅವರ ಕೈ ಹಿಡಿದುಕೊಂಡು ಬಂದು ತಾನೇ ಒತ್ತಿಸಿದ್ದಳು ಕೂಡ. ಆಸ್ಪತ್ರೆಯಲ್ಲಿ ಗೆಳತಿ ರುಕ್ಸಾನಾಗೆ ಹೇಳಿ ನಕ್ಕಿದ್ದಳು. ಪಕ್ಕದಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದ ಹುಡುಗಿ ನೋಡಿ ಕಲಿತದ್ದನ್ನು, ನರ್ಸಿಂಗ್ ಓದಿದ ತಾನು ಕಲಿಯಲಿಲ್ಲ.

ನಗುವಾಗ ಯಾರು ಯಾರನ್ನು ನೋಡಿ ನಗುತ್ತಿದ್ದರು? ಬೀದಿಯ ಹೆಂಗಸರು ಹಬ್ಬದ ಊಟಕ್ಕೆ ಹಿಂದೆಮುಂದೆ ನೋಡಿದಾಗ, ಅತ್ತೆ ಗೇಟಿನ ಹತ್ತಿರ ನಿಂತು ‘ಹಂಗೇನಿಲ್ಲ ಬರ್ರಿ, ಒಲೆ ಇನ್ನೂ ನನ್ನ ಕೈಯಾಗೇ ಐತೆ’ ಎಂದದ್ದು, ನಲ್ಲಿಯ ಹತ್ತಿರ ಕೊಡ ತೊಳೆಯುತ್ತಿದ್ದ ಇವಳ ಕಿವಿಗೆ ಬಿದ್ದದ್ದು, ಬಿದ್ದ ಮೇಲೂ ಇವಳೇ ಒಳಗೆ ಹೋಗಿ ಅವರಿಗೆಲ್ಲ ಎಲೆ ಹಾಕಿದ್ದು ನೆನಪಾಯಿತು. ಅವತ್ತು ನುಂಗಿದ್ದಳು. ತನ್ನೊಬ್ಬಳ ಗಂಟಲು ಅದು, ಎಷ್ಟಾದರೂ ನುಂಗಲಿ. ಆದರೆ ಇದು ಮಗಳ ಗಂಟಲು. ಈ ಹುಡುಗಿ ನಾಳೆ ಸಾರಥಿಯಲ್ಲಿ ಓಬಕ್ಕನ ಒಲೆಯ ಮುಂದೆ ನಿಂತು ಯಾವ ಬಟನ್ ಹುಡುಕುತ್ತಾಳೆ? ಇನ್ನು ಹತ್ತು ವರ್ಷಕ್ಕೆ ತನ್ನನ್ನೇ ನೋಡಿ, ‘ಬಿಡು ಮಮ್ಮಿ, ದಣಿದು ಬಂದೀಯ’ ಅನ್ನುತ್ತಾಳೆ. ಪ್ರೀತಿಯಿಂದಲೇ ಅನ್ನುತ್ತಾಳೆ.

‘ಸರಿ ಆಕಡೆ’ ಎಂದಳು.

‘ಮಮ್ಮಿ, ಹೇಳಿದ್ನಲ್ಲ—’

‘ಕೇಳಿಸ್ತು. ಸರಿ.’

ಮಗಳ ಬೆರಳನ್ನು ಮೆತ್ತಗೆ ಬಿಡಿಸಿ ಕೆಳಗಿಳಿಸಿದಳು. ತನ್ನ ತೋರುಬೆರಳಿನಿಂದ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು, ಬಟನ್ ಒತ್ತಿ ಹಿಡಿದಳು. ದೀಪ ಹತ್ತಿತು. ತಟ್ಟೆ ತಿರುಗಿತು. ಭವ್ಯಾ ಏನೋ ಒಡೆದುಹೋದದ್ದನ್ನು ನೋಡುವ ಹಾಗೆ ಗಾಜಿನೊಳಗೆ ನೋಡುತ್ತಿದ್ದಳು.

ಬೀಪ್ ಸದ್ದಿಗೋ ವಾಸನೆಗೋ ನಿರ್ಮಲಮ್ಮ ನಡುಮನೆಯ ದಿವಾನದ ಮೇಲೆ ಎದ್ದು ಕೂತಿದ್ದರು. ಕೂದಲು ಗಂಟು ಹಾಕಿಕೊಳ್ಳುತ್ತ, ‘ಏನ್ ಗದ್ದಲಪ್ಪ ನಿಮ್ದು. ಏನ್ ಮಾಡಿದ್ರಿ ನನ್ನ ಬಂಗಾರ?’ ಎಂದು ಕಿರಣನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡರು. ಅವನ ಮೂಗಿನ ಮೇಲಿನ ಕೊಕೊ ಒರೆಸಿದರು. ಒಳ್ಳೆಯ ಮುಖ ಅದು. ಭವ್ಯಾಳ ಬಾಣಂತನದಲ್ಲಿ ರಾತ್ರಿಯಿಡೀ ಕೂತು ಆಶಾರಾಣಿಯ ಕಾಲಿಗೆ ಎಣ್ಣೆ ತಿಕ್ಕಿದ ಕೈಗಳು ಅವು. ಆ ಮುಖದ ಮುಂದೆ ನಿಂತರೆ ಎಂಥ ಸಿಟ್ಟಿಗೂ ಹಿಡಿಯಲು ತುದಿ ಸಿಗುವುದಿಲ್ಲ. ಇಷ್ಟು ವರ್ಷ ಸಿಕ್ಕಿರಲಿಲ್ಲ. ಆಶಾರಾಣಿ ಚಿಕ್ಕ ತಟ್ಟೆಯಲ್ಲಿ ಒಂದು ತುಂಡು ಇಟ್ಟುಕೊಂಡು ದಿವಾನದ ಮುಂದೆ ಹೋದಳು.

‘ತಗಳ್ರಿ ಅತ್ತೆ.’

‘ಅಯ್ಯ, ನನಗೆಲ್ಲಿ ಆಗ್ತೈತವ್ವ. ಶುಗರ್ ಬರೆದುಕೊಳ್ಳೋಳು ನೀನೇ, ಕೊಡೋಳೂ ನೀನೇನಾ?’ ಎಂದು ನಕ್ಕರು.

‘ಸಕ್ಕರೆ ಹಾಕಿಲ್ಲ. ನಿಮ್ಮ ಚಹದ ಪುಡಿ ಹಾಕೀನಿ.’

‘ಮೈದಾ ನನಗೆ…’

‘ರಾಗಿಹಿಟ್ಟು.’

‘ತತ್ತಿ ಗಿತ್ತಿ ಇರ್ತೈತಲ್ಲವ್ವ ಇಂಥದ್ರಾಗೆ.’

‘ಇಲ್ಲ. ಮೊಸರು. ನೀವೇ ಹೆಪ್ಪು ಹಾಕಿದ ಮೊಸರು.’

ನಿರ್ಮಲಮ್ಮ ತಟ್ಟೆಯನ್ನು ನೋಡಿದರು. ಒಂದು ಕೈ ಕಿರಣನ ಬೆನ್ನ ಮೇಲಿತ್ತು. ಅದು ತಟ್ಟುವುದನ್ನು ನಿಲ್ಲಿಸಿತು. ‘ಮೆತ್ತಗೈತೆ ಅಜ್ಜಿ, ಹಲ್ಲಿಗೇನಾಗಲ್ಲ’ ಎಂದ ಕಿರಣ. ‘ಇಡವ್ವ ಅಲ್ಲಿ, ಆಮೇಲೆ ತಿಂತೀನಿ’ ಎಂದರು ಅವರು.

‘ಆಮೇಲೆ ಅಂದ್ರೆ ಯಾವಾಗ ಅತ್ತೆ?’

ಈ ಮನೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ. ಹಾಗೆ ಇಟ್ಟದ್ದು ಸಂಜೆಗೆ ಕೆಲಸದ ಕೆಂಚಕ್ಕನ ಪಾಲಾಗುತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ನಿರ್ಮಲಮ್ಮ ಸೊಸೆಯ ಮುಖ ನೋಡಿದರು. ಆಗ ಬಾಗಿಲ ಹತ್ತಿರ ನಿಂತಿದ್ದ ಭವ್ಯಾ ಒಂದು ಹೆಜ್ಜೆ ಮುಂದೆ ಬಂದಳು. ‘ಅಜ್ಜಿ, ಬಟನ್ ನಾನೇ ಒತ್ತಿದ್ದು. ಎರಡು ಸಲಾನೂ ನಾನೇ.’

ನಿರ್ಮಲಮ್ಮನ ಮುಖದ ಮೇಲೆ ಬಿಡುಗಡೆ ಸುಳಿದದ್ದನ್ನು ಆಶಾರಾಣಿ ಕಂಡಳು. ಅವರ ಕೈ ತಟ್ಟೆಯ ಕಡೆ ಚಾಚಿತು ಕೂಡ. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಸಾಕಿತ್ತು. ಅತ್ತೆ ಬಾಯಿಗಿಡುತ್ತಿದ್ದರು, ಚಲೋ ಆಗೈತೆ ಅನ್ನುತ್ತಿದ್ದರು, ಮಗಳು ಗೆಲ್ಲುತ್ತಿದ್ದಳು, ಭಾನುವಾರ ಚೆನ್ನಾಗಿ ಮುಗಿಯುತ್ತಿತ್ತು. ತಾನು ಮಾಡಿದ್ದು ಈ ಮನೆಯ ಹಿರಿಯರ ಹೊಟ್ಟೆಗೆ ಇಳಿಯುತ್ತಿತ್ತು, ತನ್ನ ಹೆಸರೊಂದನ್ನು ಬಿಟ್ಟು.

‘ಸುಳ್ಳು ಹೇಳಬಾರ್ದು ಭವ್ಯಾ’ ಎಂದಳು. ‘ಒತ್ತಿದ್ದು ನಾನು ಅತ್ತೆ. ಕಲಸಿದ್ದೂ ನಾನು, ಬೇಯಿಸಿದ್ದೂ ನಾನು.’

ಚಾಚಿದ ಕೈ ಅಲ್ಲೇ ನಿಂತು, ನಿಧಾನವಾಗಿ ತೊಡೆಯ ಮೇಲಕ್ಕೆ ವಾಪಸು ಹೋಯಿತು. ಸೆರಗಿನ ಅಂಚನ್ನು ಹಿಡಿದುಕೊಂಡಿತು. ಹೊರಗೆ ಬೀದಿಯಲ್ಲಿ ಯಾರದೋ ಆಟೋ ರಿವರ್ಸ್ ತಗೊಂಡು ಹೋಯಿತು.

‘ಎಲ್ಲಾ ಗೊತ್ತಿದ್ದೂ ಯಾಕ ಕೇಳ್ತೀಯವ್ವ?’ ಎಂದರು ನಿರ್ಮಲಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು.

‘ಮಕ್ಕಳಿಗೂ ಗೊತ್ತಾಗೈತೆ. ಅದಕ್ಕ ಕೇಳ್ತಿದೀನಿ.’

‘ಇಷ್ಟು ವರ್ಷದಾಗೆ ನಿನಗೊಂದು ಕೆಟ್ಟ ಮಾತು ಆಡೀನೇನು ನಾನು?’

‘ಇಲ್ರಿ. ಆಡಿದ್ರೆ ಚಲೋ ಇತ್ತು.’

ನಿರ್ಮಲಮ್ಮ ತಲೆ ತಗ್ಗಿಸಿದರು. ಕಿರಣನ ತಲೆಗೂದಲಿಗೆ ಹೇಳುವಂತೆ, ‘ನನ್ನಿಂದ ಆಗಲ್ಲವ್ವ. ನುಂಗಾಕೆ ಹೋದ್ರೂ ಇಳಿಯಲ್ಲ. ನಮ್ಮವ್ವ ಹಂಗೆ ಬೆಳೆಸ್ಯಾಳೆ. ಏನ್ ಮಾಡ್ಲಿ’ ಎಂದರು. ಇದಕ್ಕೇ ಕಾಯುತ್ತಿದ್ದೆನೇ ಎಂದು ಆಶಾರಾಣಿಗೆ ಬೆರಗಾಯಿತು. ಅಳು ಬರುತ್ತದೆಂದುಕೊಂಡಿದ್ದಳು, ಬರಲಿಲ್ಲ. ಬಾವು ಒಡೆದು ಕೀವು ಹರಿದುಹೋದ ಮೇಲೆ ರೋಗಿಗಳು ನಿಟ್ಟುಸಿರಿಟ್ಟು ಹಾಸಿಗೆಗೆ ಒರಗುತ್ತಾರಲ್ಲ, ಅಂಥ ಒಂದು ಹಗುರ ಮೈಯೊಳಗೆ ಇಳಿಯಿತು. ‘ಆಯ್ತು’ ಎಂದಳು. ‘ನೀವು ತಿನ್ನಬ್ಯಾಡ್ರಿ. ಒತ್ತಾಯ ಇಲ್ಲ. ಆದ್ರೆ ಶುಗರ್ ಅಂತ ಹೇಳಬ್ಯಾಡ್ರಿ, ದಣಿದು ಬಂದೀಯ ಅಂತ ಹೇಳಬ್ಯಾಡ್ರಿ. ಇದನ್ನೇ ಹೇಳ್ರಿ.’ ಆಮೇಲೆ ಮಕ್ಕಳ ಕಡೆ ತಿರುಗಿದಳು. ‘ಕೇಳಿಸ್ಕಂಡ್ರಾ? ನಾನು ಬೇಯಿಸಿದ್ದು ಅಜ್ಜಿ ತಿನ್ನಲ್ಲ. ಅದು ಅಜ್ಜಿ ವಿಷಯ. ನೀವು ನನಗೋಸ್ಕರ ಯಾರ ಹತ್ರಾನೂ ಸುಳ್ಳು ಹೇಳಂಗಿಲ್ಲ.’ ಭವ್ಯಾ ಮತ್ತೆ ಬಾಗಿಲ ಹತ್ತಿರಕ್ಕೆ ಸರಿದಳು. ಕಿರಣ ತಲೆಯಾಡಿಸಿ ಆ ತುಂಡನ್ನು ತಾನೇ ಎತ್ತಿ ಬಾಯಿಗೆ ಹಾಕಿಕೊಂಡ. ‘ಇದು ಸಪ್ಪೆ’ ಎಂದ.

ಅಷ್ಟರಲ್ಲಿ ನಾಗಭೂಷಣ್ ಬಂದ. ಬಿತ್ತನೆ ಬೀಜದ ಅಂಗಡಿ ಅವರದು. ಮಳೆಗಾಲ ಹತ್ತಿರ ಬಂದಿದ್ದರಿಂದ ಭಾನುವಾರವೂ ತೆಗೆದಿರುತ್ತಿದ್ದರು. ಅಪ್ಪ ಮುರುಗೇಶಪ್ಪನನ್ನು ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿ ಅವನು ಸಂಜೆಯ ಚಹಕ್ಕೆ ಮನೆಗೆ ಬರುವುದು ರೂಢಿ. ಚಪ್ಪಲಿ ಬಿಡುತ್ತಲೇ ‘ಏನಿದು, ಬೇಕರಿ ವಾಸ್ನೆ’ ಎನ್ನುತ್ತ ಮೇಜಿನ ಹತ್ತಿರ ಹೋಗಿ, ಮೊದಲ ಸಲ ಮಾಡಿದ್ದರಲ್ಲಿ ಉಳಿದ ತುಂಡಿಗೆ ಕೈ ಹಾಕಿದ.

‘ಅದು ಬ್ರೌನಿ. ಮಮ್ಮಿ ಮಾಡಿದ್ದು’ ಎಂದ ಕಿರಣ, ಅಜ್ಜಿಯ ತೊಡೆಯ ಮೇಲೆ ಕೂತೇ, ನಾಳೆ ಶಾಲೆಗೆ ರಜೆ ಎಂದು ಹೇಳುವಷ್ಟು ಸಲೀಸಾಗಿ. ‘ಅಜ್ಜಿ ತಿನ್ನಲ್ಲಂತೆ. ಮಮ್ಮಿ ಬೇಯಿಸಿದ್ದು ಅಜ್ಜಿ ತಿನ್ನಲ್ಲ. ನೀನು ತಿಂತೀಯೇನಪ್ಪಾ?’

ಗಂಡನ ಕೈ ತಟ್ಟೆಯ ಮೇಲೆ ನಿಂತಿತು. ಅವನು ಅಮ್ಮನ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ, ಮತ್ತೆ ಅಮ್ಮನ ಕಡೆ. ಹೋಟೆಲಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಸಾರಥಿಯ ಹೊಲದ ಬದುವಿನ ಮೇಲೆ ಅವಳ ಕೈತುತ್ತು ತಿಂದವನು ಅವನು. ಈ ಹೊಸ್ತಿಲೊಳಗೆ ಮಾತ್ರ ಯಾವತ್ತೂ ಪರೀಕ್ಷೆಗೆ ಕೂತವನಲ್ಲ. ಆಶಾರಾಣಿ ಆ ಕೈಯನ್ನು ನೋಡುತ್ತ ನಿಲ್ಲಬಹುದಿತ್ತು. ಎತ್ತುತ್ತದೋ ಬಿಡುತ್ತದೋ ಎಂದು ಉಸಿರು ಹಿಡಿದುಕೊಂಡು ಕಾಯುವುದು ಅವಳಿಗೆ ಅಭ್ಯಾಸವಾಗಿ ಹೋದ ಕೆಲಸ. ಇವತ್ತು ಅದು ಅವಳಿಗೆ ಬೇಕಾಗಲಿಲ್ಲ. ಮೈಕ್ರೋವೇವಿನ ಪ್ಲಗ್ ಕಿತ್ತಳು. ಬಾಗಿಲು ತೆಗೆದು ಒಳಗಿನ ಗಾಜಿನ ತಟ್ಟೆಯನ್ನು ಎತ್ತಿ ಭವ್ಯಾಳ ಕೈಗೆ ಕೊಟ್ಟಳು. ‘ಹುಷಾರಿ, ಬಿಸಿ ಐತೆ, ಅಂಗಿ ತುದೀಲಿ ಹಿಡ್ಕ.’ ಆಮೇಲೆ ಎರಡೂ ತೋಳು ಅಗಲಿಸಿ, ಸಾರಥಿಯಲ್ಲಿ ಹುಡುಗಿಯಾಗಿದ್ದಾಗ ಜೋಳದ ಚೀಲ ಎತ್ತುತ್ತಿದ್ದ ಹಾಗೆ ಮಂಡಿ ಬಗ್ಗಿಸಿ, ಮಶೀನನ್ನು ಎದೆಗವಚಿ ಎತ್ತಿದಳು.

‘ಸ್ವಲ್ಪ ಸರೀರಿ’ ಎಂದಳು ಗಂಡನಿಗೆ.

‘ಎಲ್ಲಿಗೆ ಹೊಂಟೆ?’

‘ಒಳಗೆ.’

‘ಅಲ್ಲಿ ಪ್ಲಗ್…’ ಎಂದವನು ಮಾತು ಅಲ್ಲಿಗೇ ಬಿಟ್ಟ. ಸರಿದು ದಾರಿ ಕೊಟ್ಟ.

ವೈರು ಹಿಂದೆ ನೆಲದ ಮೇಲೆ ಹರಿದು ಬರುತ್ತಿತ್ತು. ಕಿರಣ ಅಜ್ಜಿಯ ತೊಡೆಯಿಂದ ಜಿಗಿದು ಬಂದು, ಕರುವಿನ ಹಗ್ಗ ಹಿಡಿಯುವ ಹಾಗೆ ಅದರ ತುದಿ ಹಿಡಿದು ಹಿಂಬಾಲಿಸಿದ. ‘ಆಶಾ, ಪೂಜೆ ಮಾಡೋ ಜಾಗವ್ವ ಅದು’ ಎಂಬ ಅತ್ತೆಯ ದನಿ ಹಿಂದಿನಿಂದ ಬಂತು. ‘ಗೊತ್ತೈತೆ ಅತ್ತೆ, ಮಣೆ ತುಳಿಯಲ್ಲ’ ಎಂದಳು, ತಿರುಗದೆಯೇ. ಕಟ್ಟೆಯ ಮೇಲೆ ಮಿಕ್ಸರನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ, ಒಲೆಯ ಪಕ್ಕದಲ್ಲೇ, ಗೋಡೆಗೆ ಒತ್ತಿ ಇಟ್ಟಳು. ಮಿಕ್ಸರಿನ ಪ್ಲಗ್ ತೆಗೆದು ಇದರದ್ದು ಸಿಕ್ಕಿಸಿದಳು. ಭವ್ಯಾ ಗಾಜಿನ ತಟ್ಟೆ ಹಿಡಿದುಕೊಂಡು ಹೊಸ್ತಿಲಾಚೆಯೇ ನಿಂತಿದ್ದಳು, ಒಮ್ಮೆ ನಡುಮನೆಯ ಕಡೆ, ಒಮ್ಮೆ ಅಮ್ಮನ ಕಡೆ ನೋಡುತ್ತ. ಆಶಾರಾಣಿ ಕರೆಯಲಿಲ್ಲ. ಬಟ್ಟಲು ತೆಗೆದುಕೊಂಡಳು, ಮೈದಾ ಸುರಿದಳು, ಎಣ್ಣೆ ಬಿಟ್ಟಳು, ಕಲಸತೊಡಗಿದಳು. ಎಷ್ಟೋ ಹೊತ್ತಿನ ಮೇಲೆ ಹುಡುಗಿ ಒಳಗೆ ಬಂದು ತಟ್ಟೆಯನ್ನು ಅದರ ಜಾಗದಲ್ಲಿ ಕೂರಿಸಿ, ಗಾಲಿಗೆ ಸರಿಯಾಗಿ ಕೂತಿದೆಯೇ ಎಂದು ಬೆರಳಲ್ಲಿ ತಿರುಗಿಸಿ ನೋಡಿದಳು. ಬಟ್ಟಲು ಒಳಗೆ ಹೋಯಿತು. ಬಾಗಿಲು ಬಿತ್ತು.

‘ಈಗ ಯಾರು ಒತ್ತಾದು?’ ಎಂದ ಕಿರಣ.

‘ಯಾರಾದ್ರೂ ಒತ್ರಿ’ ಎಂದಳು ಆಶಾರಾಣಿ. ‘ಮಾಡಿದ್ದು ನಾನು.’